ಬೋಲ್ಟಿನ ಗುರುತು

ಶಹಾಬಾದಿನ ಹಾಸುಗಲ್ಲಿನ ನೆಲದಲ್ಲಿ ಒಂದು ಬೇರೆ ಕಲ್ಲು ಸೇರಿದರೆ ಅಂದಗೆಟ್ಟೀತು, ಅಷ್ಟೆ. ಹಳೆಯ ಕಾರಿನ ಎಂಜಿನಿಗೆ ಹೊಂದದ ಬೋಲ್ಟನ್ನು ತುರುಕಿದರೆ ಎಂಜಿನೇ ಕೆಡುವುದು.

1940ರ ದಶಕದ ಹಿಂದುಸ್ತಾನ್ ಟೆನ್ ಕಾರು ಇಂಗ್ಲೆಂಡಿನ ಮಾರಿಸ್ ಟೆನ್ನಿನ ಪಡಿಯಚ್ಚು. ಮಾರಿಸನು 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಫ್ರೆಂಚರ ಹಾಚ್‌ಕಿಸ್ ಕಾರಖಾನೆಯನ್ನು ಕೊಂಡಾಗ, ಅಲ್ಲಿಯ ಯಂತ್ರಗಳು ಮಿಲಿಮೀಟರ್ ಲೆಕ್ಕದವಾಗಿದ್ದವು. ಆದಕಾರಣ ಆ ಎಂಜಿನಿನ ಬೋಲ್ಟುಗಳ ತಲೆಗೆ ಇಂಗ್ಲಿಷರ ವಿಟ್‌ವರ್ತ್ ಪಾನಾ ಒಪ್ಪಿದರೂ ಥ್ರೆಡ್ಡು ಮಾತ್ರ ಮೆಟ್ರಿಕ್. ಅದರಲ್ಲಿಯೂ ಒಂದು ವಿಶೇಷ: ಅದರ 8 ಮಿ.ಮೀ. ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಅಂತರ, ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವುದರಲ್ಲಿ 1.25 ಮಿ.ಮೀ. ಇಂಗ್ಲಿಷ್ ಅಳತೆಯ 5/16 ಅಂಗುಲದ ಬೋಲ್ಟು 7.94 ಮಿ.ಮೀ. ದಪ್ಪವಿರುವುದರಿಂದ ಕಣ್ಣನ್ನು ವಂಚಿಸುತ್ತದೆ. ಬಲವಂತದಿಂದ ಬಿಗಿದರೆ ಎರಕದ ಕಬ್ಬಿಣದೊಳಗಿನ ಥ್ರೆಡ್ಡೇ ಕಿತ್ತುಹೋಗುವುದು.

ಅಂಬಾಸಡರಿನ 1489 ಸಿ.ಸಿ. ಎಂಜಿನಿನ ಕಥೆ ಬೇರೆ. ಅದರದು 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ದೇಶಗಳು ಒಪ್ಪಿಕೊಂಡ ಯುನಿಫೈಡ್ ಪದ್ಧತಿ. ಅಂಥ ಬೋಲ್ಟಿನ ತಲೆಯ ಮೇಲೆ ಒಂದಕ್ಕೊಂದು ತಾಗಿದ ವೃತ್ತಗಳೋ ದುಂಡನೆಯ ತಗ್ಗೋ ಕಾಣುವುದುಂಟು. 8.8 ಎಂಬ ಅಂಕೆಯಿದ್ದರೆ ಅದು ಮೆಟ್ರಿಕ್ ಜಾತಿಯದು, ಮೂಲದ್ದಲ್ಲವೆಂದು ತಿಳಿಯತಕ್ಕದ್ದು.

ಆದುದರಿಂದ ಬಿಚ್ಚಿದ ಬೋಲ್ಟನ್ನು, ತುಕ್ಕು ಹಿಡಿದಿದ್ದರೂ, ಎಸೆಯಬಾರದು. ಯಾವ ತೂತಿನದೆಂದು ಚೀಟಿ ಕಟ್ಟಿ ಇಡಬೇಕು. ತಲೆಯನ್ನು ಅಳೆದರೆ ಸಾಲದು. ಥ್ರೆಡ್ ಗೇಜಿನಿಂದ ಸುತ್ತನ್ನೂ ಅಳೆಯಬೇಕು. ಬೆರಳಿನಿಂದ ಸಲೀಸಾಗಿ ಇಳಿಯದ ಬೋಲ್ಟಿಗೆ ಪಾನಾ ಹಚ್ಚದಿರುವುದೇ ಜಾಣತನ.