ದಕ್ಕೆಗೂ ಬೇಕು ವರ್ಷಕ್ಕೆರಡು ಸುರಕ್ಷತಾ ತಪಾಸಣೆ

ಕರಾವಳಿಯ ಬಂಧುಗಳೇ,
ಬೋಟು ಮಾಲೀಕರೇ, ತಂಡೇಲರೇ, ಕಲಾಸಿಗಳೇ, ಮೀನು ಮಾರುವ ತಾಯಂದಿರೇ,

ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ: ಯಾವ ಬಂದರಾದರೂ ಸರಿ, ನಮ್ಮೆಲ್ಲರ ಅನ್ನ ಹುಟ್ಟುವುದು ದಕ್ಕೆಯ ಮೇಲೆ. ಕಡಲಿಗೆ ಹೊರಟವನಿಗೆ ಹವಾಮಾನದ ಮುನ್ಸೂಚನೆ ಬರುತ್ತದೆ, ಲೈಫ್ ಜಾಕೆಟ್ ಹಾಕಿಕೋ ಎಂದು ಹೇಳುವವರಿದ್ದಾರೆ. ಮರಳಿ ಬಂದವನು ಕಾಲಿಡುವ ಕಾಂಕ್ರೀಟು ಗಟ್ಟಿಯಿದೆಯೇ ಎಂದು ನೋಡುವವರು ಯಾರು?

ಜೆಟ್ಟಿ ಒಂದೇ ದಿನದಲ್ಲಿ ಶಿಥಿಲವಾಗುವುದಿಲ್ಲ. ಇಳಿತದ ಹೊತ್ತಿನಲ್ಲಿ ಅದರ ಅಡಿಗೆ ಬಗ್ಗಿ ನೋಡಿ. ಅಲೆ ಬಡಿದು ನೆನೆದು ಒಣಗುವ ಪಟ್ಟಿಯಲ್ಲೇ ಮೊದಲು ಬಿರುಕು ಕಾಣುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಹೊರಪದರವನ್ನು ಒಡೆಯುತ್ತದೆ. ಒಡೆದಲ್ಲಿ ಇನ್ನಷ್ಟು ಉಪ್ಪುನೀರು ನುಗ್ಗುತ್ತದೆ. ಬಿರುಕಿನಲ್ಲೇ ಹಿಡಿದರೆ ರಿಪೇರಿ. ಬಿಟ್ಟರೆ ಇಡೀ ಜೆಟ್ಟಿಯನ್ನೇ ಹೊಸದಾಗಿ ಕಟ್ಟಬೇಕು.

ಅಪಾಯ ಕಾಂಕ್ರೀಟಿನದ್ದು ಮಾತ್ರವಲ್ಲ. ಮಳೆಗಾಲದಲ್ಲಿ ಹೊಳೆಗಳು ಹೊತ್ತು ತರುವ ಹೂಳಿನಿಂದ ಅಳಿವೆಯ ದಾರಿಯೇ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಹೊರಟಾಗ, ಕಳೆದ ವರ್ಷ ಆಳವಿದ್ದಲ್ಲಿ ಮರಳದಿಬ್ಬ ಎದ್ದಿರಬಹುದು. ತಳ ತಾಗಿ ನಿಂತ ಬೋಟನ್ನು ಅಲೆ ಅಡ್ಡ ಮಗುಚಲು ಹೆಚ್ಚು ಹೊತ್ತು ಬೇಡ. ರಾತ್ರಿ ಬಂದರು ಪ್ರವೇಶಿಸುವ ತಂಡೇಲನಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಕಾಣಬೇಕು. ಒಂದು ಕೆಟ್ಟರೂ ದಾರಿಯ ಒಂದು ಅಂಚು ಕತ್ತಲು. ನಿಷೇಧದ ದಿನಗಳಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಟ್ಯಾಂಕಿನಲ್ಲಿ ಡೀಸೆಲ್, ಮೇಲೆ ನೈಲಾನ್ ಬಲೆ. ಒಂದಕ್ಕೆ ಬೆಂಕಿ ಬಿದ್ದರೆ ಸಾಲೇ ಉರಿಯುತ್ತದೆ. 2023ರ ನವೆಂಬರ್‌ನಲ್ಲಿ, ದೀಪಾವಳಿಯ ಸಮಯದಲ್ಲಿ, ಗಂಗೊಳ್ಳಿಯಲ್ಲಿ ಹಲವು ಬೋಟುಗಳು ಸುಟ್ಟುಹೋದದ್ದನ್ನು ಯಾರೂ ಮರೆತಿಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುವ ಅಣೆಕಟ್ಟುಗಳನ್ನು ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಪರಿಶೀಲಿಸುವುದು ಕಡ್ಡಾಯ. ದಿನಬೆಳಗಾದರೆ ಜನ ತುಂಬುವ ದಕ್ಕೆಗೂ ಅದೇ ಶಿಸ್ತು ಬೇಕೆಂಬುದು ನಮ್ಮ ವಾದ.

ನಮ್ಮ ಹಕ್ಕೊತ್ತಾಯಗಳು:

1. ಮೇ ತಿಂಗಳಲ್ಲಿ ಮೊದಲ ತಪಾಸಣೆ: ಬೋಟು ಕಟ್ಟುವ ಬೊಲ್ಲಾರ್ಡ್, ಏಣಿ, ವಿದ್ಯುತ್ ತಂತಿ, ಬೆಂಕಿ ನಂದಿಸುವ ನೀರಿನ ಕೊಳವೆ, ಲೈಫ್ ಬಾಯ್, ದೀಪಗಳು.

2. ನಿಷೇಧ ಮುಗಿಯುವ ಮುನ್ನ ಅಳಿವೆಯ ಆಳ ಅಳೆದು ತಂಡೇಲರಿಗೆ ತಿಳಿಸಬೇಕು. ಹೂಳೆತ್ತುವ ಕೆಲಸ ಪ್ರತಿವರ್ಷ ಆಗಬೇಕು.

3. ಮಳೆ ನಿಂತು ನೀರು ತಿಳಿಯಾದ ಮೇಲೆ ಎರಡನೇ ತಪಾಸಣೆ: ಮುಳುಗುಗಾರರನ್ನು ಇಳಿಸಿ ಕಂಬಗಳ ಬುಡ ನೋಡಬೇಕು. ಅಲೆತಡೆಗೋಡೆಯ ಕಲ್ಲುಗಳು ಜಾರಿವೆಯೇ ಎಂದು ಪರೀಕ್ಷಿಸಬೇಕು.

4. ಎರಡೂ ವರದಿಗಳನ್ನು ಕನ್ನಡದಲ್ಲಿ ದಕ್ಕೆಯ ಫಲಕದ ಮೇಲೆ ಹಾಕಬೇಕು. ದುರಸ್ತಿಯ ಗಡುವು ಮತ್ತು ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಅದರಲ್ಲೇ ಇರಬೇಕು. ಬಂದರು ಇಲಾಖೆಯೋ ಮೀನುಗಾರಿಕೆ ಇಲಾಖೆಯೋ ಎಂದು ಜನ ಅಲೆಯುವಂತಾಗಬಾರದು.

5. ಬಂದರಿನಲ್ಲಿ ಸಂಗ್ರಹವಾಗುವ ಶುಲ್ಕದ ಒಂದು ಪಾಲು ಅದೇ ಬಂದರಿನ ನಿರ್ವಹಣೆಗೆ ಮೀಸಲಾಗಬೇಕು.

ಹೊಸ ಬಂದರಿಗೆ ಶಂಕುಸ್ಥಾಪನೆ ಆಗಲಿ, ಸಂತೋಷ. ಆದರೆ ಇರುವ ಬಂದರನ್ನು ಉಳಿಸಿಕೊಳ್ಳಲು ಹಣವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಬಂಧುಗಳೇ, ನಿಮ್ಮ ಬಂದರಿನ ಕೊನೆಯ ತಪಾಸಣೆ ಯಾವಾಗ ಆಯಿತೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಬಿರುಕು ಕಂಡಲ್ಲಿ ದಿನಾಂಕ ಸಹಿತ ಫೋಟೊ ತೆಗೆದು, ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಈ ಕರಪತ್ರವನ್ನು ಓದಿ, ಪಕ್ಕದ ಬೋಟಿನವರಿಗೂ ಕೊಡಿ.