ತಾರ್ಲಿ ದರ ಮುಂದಿನ ವರ್ಷ ಏನಾಗ್ತದ? ಉತ್ತರ ಈ ವರ್ಷದ ಮರಿ ಮೀನಿನಾಗ ಅದ

ಶಿಗ್ಗಾಂವ: ಜೂನ್ 1 ಬಂತಂದ್ರ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರ್ತಾವ. ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್. ಘಟ್ಟ ಹತ್ತಿ ಶಿಗ್ಗಾಂವ, ಬಂಕಾಪುರಕ್ಕೆ ಬರೋ ಬಂಗಡೆ, ತಾರ್ಲಿ ಕಮ್ಮಿ ಆಗಿ ದರ ಏರ್ತದ. ಇದು ವರ್ಷಾ ಇರೋ ಮಾತು, ಖಾನಾವಳಿಯವರಿಗೂ ಗೊತ್ತು. ಆದ್ರ ಆಗಸ್ಟ್ ಬಂದ ಮೇಲೂ ಮೀನು ಸಿಗಲಿಲ್ಲಂದ್ರ?

ಅಂಥ ವರ್ಷಗಳೂ ಬಂದಾವ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲಿ ಹಿಡಿದಿದ್ದರು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಇದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ. ನೂರಕ್ಕೆ ಒಂದು ಪಾಲೂ ಉಳಿದಿರಲಿಲ್ಲ.

ತಾರ್ಲಿ ಆಯುಷ್ಯ ಎರಡು-ಎರಡೂವರೆ ವರ್ಷ ಅಷ್ಟ. ಬಲೆಗೆ ಬೀಳೋದು ಹೆಚ್ಚಾಗಿ ಒಂದು ವರ್ಷದ ಆಜುಬಾಜು ಮೀನು. ಅಂದ್ರ ಒಂದು ಮಳೆಗಾಲದಾಗ ಹುಟ್ಟಿದ ಮರಿ ಉಳಿಲಿಲ್ಲಂದ್ರ ಮುಂದಿನ ಸುಗ್ಗಿನೇ ಖಾಲಿ. ತಾಯಿ ಮೀನು ಸಾವಿರಗಟ್ಟಲೆ ತತ್ತಿ ಇಡ್ತದ ಖರೆ, ಆದ್ರ ಮುಂಗಾರು ಗಾಳಿಗೆ ಆಳದ ತಂಪು ನೀರು ಮೇಲೆ ಬಂದು ಪಾಚಿ ಬೆಳೆದರ ಮಾತ್ರ ಮರಿಗೆ ಹೊಟ್ಟೆ ತುಂಬ್ತದ. ಎಲ್ ನಿನೊ ವರ್ಷ ಇದು ಕೈಕೊಡ್ತದ. ಅದರ ಮ್ಯಾಲೆ ಸಣ್ಣ ಬಲೆ ಹಾಕಿ ಮರಿನೇ ಹಿಡಿದು ಮೀನಿನ ಹಿಟ್ಟು, ಎಣ್ಣೆ ಮಾಡೋ ಕಾರ್ಖಾನೆಗೆ ಕಳಿಸಿದ್ರ ಕಥಿ ಮುಗೀತು. ತಾರ್ಲಿ ಕುಸಿತಕ್ಕೆ ವಿಜ್ಞಾನಿಗಳು ಈ ಎರಡೂ ಕಾರಣ ಹೇಳ್ಯಾರ.

ಬಿತ್ತಿದ್ದೆಲ್ಲಾ ಮೊಳಕೆ ಒಡೆಯಲ್ಲ ಅನ್ನೋದು ನಮ್ಮ ರೈತರಿಗೆ ಹೊಸದಲ್ಲ. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲೇ ಇದನ್ನ ಮೀನಿಗೆ ಹೇಳಿದ್ದ. ಅಲ್ಲಿ 1904ರಲ್ಲಿ ಹುಟ್ಟಿದ ಹೆರ್ರಿಂಗ್ ಮೀನು ಎಷ್ಟೋ ವರ್ಷ ಬಲೆ ತುಂಬಿಸಿತ್ತು, ಅದರ ಹಿಂದುಮುಂದಿನ ವರ್ಷದವು ಅಷ್ಟು ಕಾಣಲೇ ಇಲ್ಲ.

ಹಾಗಾದ್ರ ಮೊದಲೇ ಹೇಳಬಹುದಾ? ಪೂರಾ ಅಲ್ಲ, ಒಂದಿಷ್ಟು ಹೌದು. ಪೆರು ದೇಶದಾಗ ಹಂಗಾಮಿಗೆ ಮುಂಚೆ ಹಡಗು ಕಳಿಸಿ ಸಮುದ್ರದಾಗ ಎಷ್ಟು ಮೀನು, ಎಷ್ಟು ಮರಿ ಅಂತ ಅಳೀತಾರ. 2023ರಲ್ಲಿ ಮರಿನೇ ಜಾಸ್ತಿ ಕಂಡು ಮೊದಲ ಹಂಗಾಮನ್ನೇ ರದ್ದು ಮಾಡಿದ್ರು. ನಮ್ಮಲ್ಲಿ 61 ದಿನದ ನಿಷೇಧ ಕ್ಯಾಲೆಂಡರ್ ನೋಡಿ ಬರ್ತದ, ಮರಿ ನೋಡಿ ಅಲ್ಲ. ನನಗ ಕೊರತೆ ಕಾಣೋದು ಇಲ್ಲೇ.

ನಮ್ಮ ಕೆರೆಗಳ ಲೆಕ್ಕ ಬ್ಯಾರೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಾಗ ಮರಿ ಮಾಡಂಗಿಲ್ಲ, ಹರಿಯೋ ಹೊಳಿ ಬೇಕು. ಅದಕ್ಕ ಪ್ರತಿ ವರ್ಷ ಮರಿ ತಂದು ಬಿಡೋದು. ಇಲ್ಲಿ ಅಂದಾಜು ಮಾಡೋದು ಸಮುದ್ರಕ್ಕಿಂತ ಸಲೀಸು: ಹತ್ತು ಸಾವಿರ ಮರಿ ಬಿಟ್ಟು, ಅರ್ಧ ಉಳಿದು, ತಲಾ ಮುಕ್ಕಾಲು ಕೆಜಿ ಬೆಳೆದ್ರ 3,750 ಕೆಜಿ. ಆದ್ರ ಉಗುರಿನಷ್ಟು ಸಣ್ಣ ಮರಿ ಬಿಟ್ರ ದೊಡ್ಡ ಮೀನಿಗೆ ಊಟ ಆಗ್ತಾವ, ಅರ್ಧ ಉಳಿಯೋದು ದೂರದ ಮಾತು. ಬೆರಳುದ್ದ ಆಗಿರಬೇಕು. ನೀರೂ ನಿಲ್ಲಬೇಕು; 2023ರಲ್ಲಿ ರಾಜ್ಯದ ಬಹುತೇಕ ತಾಲೂಕು ಬರಪೀಡಿತ ಅಂತ ಘೋಷಣೆ ಆಗಿದ್ದು ಯಾರೂ ಮರೆತಿಲ್ಲ.

ನಿಮ್ಮೂರ ಕೆರೆಗೆ ಈ ಸಲ ಮರಿ ಬಿಡೋವಾಗ ದಂಡಿಗೆ ಹೋಗಿ ನಿಲ್ರಿ. ಎಷ್ಟು ಬಂದ್ವು, ಎಷ್ಟುದ್ದ ಅದಾವ, ಎಷ್ಟು ಬಿಡೋಕಿಂತ ಮೊದಲೇ ಸತ್ತಾವ ಅಂತ ಕೇಳ್ರಿ. ಆ ಮೂರು ಅಂಕಿ ಗೊತ್ತಿದ್ರ, ಸಮುದ್ರದ ಮೀನು ತುಟ್ಟಿ ಆದಾಗ ಕೆರೆ ಮೀನು ಸಂತಿಗೆ ಎಷ್ಟು ಬರ್ತದ ಅನ್ನೋದನ್ನ ಅಂಗಡಿಯವರು ಆರು ತಿಂಗಳು ಮೊದಲೇ ಅಂದಾಜು ಮಾಡಬಹುದು.