ನಗರದಲ್ಲಿ ಸಂಸ್ಕೃತಿ ಇಲ್ಲವಂತೆ!

ಬಂಧುಗಳ ಮದುವೆಯಿರಲಿ, ಹಳೆಯ ವಿದ್ಯಾರ್ಥಿಗಳ ಕೂಟವಿರಲಿ, ಎಲೆ ಎತ್ತುವ ಹೊತ್ತಿಗೆ ಯಾರಾದರೊಬ್ಬರು ಈ ಮಾತು ತೆಗೆದೇ ತೆಗೆಯುತ್ತಾರೆ: "ಬೆಂಗಳೂರಿನಲ್ಲಿ ಏನಿದೆ ಮೇಷ್ಟ್ರೇ? ದುಡ್ಡು, ಧೂಳು, ಟ್ರಾಫಿಕ್ಕು. ಸಂಸ್ಕೃತಿ ಅಂತ ಉಳಿದಿದ್ದರೆ ನಮ್ಮ ಸಖರಾಯಪಟ್ಟಣದಂಥ ಊರುಗಳಲ್ಲೇ." ಊರಿನಲ್ಲಿರುವವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಮೂವತ್ತು ವರ್ಷಗಳಿಂದ ಬೆಂಗಳೂರಿನ ಅನ್ನ ಉಣ್ಣುತ್ತಿರುವವರು ನಿಟ್ಟುಸಿರಿನೊಡನೆ ಹೇಳುತ್ತಾರೆ. ಎರಡೂ ಪಕ್ಷಗಳ ಮೇಲೆ ನನ್ನ ತಕರಾರಿದೆ. ಈ ಮಾತು ಸುಳ್ಳು. ಸೋಮಾರಿಗಳಿಗೆ ಬಹಳ ಅನುಕೂಲವಾದ ಸುಳ್ಳು.

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಬೆಳೆಯನ್ನು ಬಸವನೊಂದು ಮೇಯ್ದು ಹೋಗುತ್ತಿತ್ತೆಂದೂ, ಅದನ್ನು ಸಮಾಧಾನಪಡಿಸಲು ಮೊದಲ ಫಸಲನ್ನು ಒಪ್ಪಿಸುವ ಹರಕೆ ಹೊತ್ತರೆಂದೂ ಕಥೆ. ಇವೆಲ್ಲ ಹಳ್ಳಿಗಳ ಹೆಸರುಗಳೆಂಬುದನ್ನು ಗಮನಿಸಿ. ಗುಡಿಯನ್ನು ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿ. ಬಸವನಗುಡಿ ಬಡಾವಣೆಯಾದದ್ದೋ 1898ರ ಪ್ಲೇಗಿನ ತರುವಾಯ. ಬಸವ ಇದ್ದಲ್ಲಿಗೆ ನಗರವೇ ನಡೆದುಬಂದು ಮನೆ ಕಟ್ಟಿಕೊಂಡಿತು. ಹೊಲಗಳು ಹೋದವು, ಹರಕೆ ಹೋಗಲಿಲ್ಲ. ಇಂದಿಗೂ ಮಾಗಡಿ, ಕೋಲಾರ, ಚಿಂತಾಮಣಿಯ ಕಡೆಯಿಂದ ಮೂಟೆ ತಂದು ರಸ್ತೆಯ ಎರಡೂ ಬದಿಗೆ ರಾಶಿ ಸುರಿದುಕೊಂಡು, ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಸೇರಿನಲ್ಲಿ ಅಳೆದು ಕೊಡುತ್ತಾರೆ. ರಾತ್ರಿ ಆ ರಾಶಿಯ ಪಕ್ಕದಲ್ಲೇ ಮಲಗುತ್ತಾರೆ. ಬೆಂಡು ಬತ್ತಾಸು, ಕಲ್ಯಾಣಸೇವೆ, ಪೀಪಿ, ಬಳೆ ಎಲ್ಲವೂ ಉಂಟು. ನಮ್ಮೂರ ಜಾತ್ರೆಗಿಂತ ಇದು ಭಿನ್ನವಾಗುವುದು ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬ ಒಂದೇ ವಿಷಯದಲ್ಲಿ.

ಚೈತ್ರ ಪೂರ್ಣಿಮೆಯ ಕರಗದ ಮಾತು ಇನ್ನೂ ದೊಡ್ಡದು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ನಡುರಾತ್ರಿ ಹೊರಡುವ ಮಲ್ಲಿಗೆಯ ಕರಗ, ಸುತ್ತಲೂ ಕತ್ತಿ ಹಿರಿದ ವೀರಕುಮಾರರು. ಅದು ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಬರುವುದು ರೂಢಿ. 2022ರಲ್ಲಿ ಹೋಗಕೂಡದೆಂದು ಕೆಲವರು ಗದ್ದಲವೆಬ್ಬಿಸಿದರು. ಕರಗ ಹೋಯಿತು. ಅದೇ ವರ್ಷ ನಾಡಿನ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲವೆಂಬ ಫಲಕಗಳು ಎದ್ದದ್ದನ್ನು ನೆನಪಿಸಿಕೊಳ್ಳಿ. ಆಮೇಲೆ ಸಂಸ್ಕೃತಿ ಎಲ್ಲಿ ಉಳಿದಿದೆಯೆಂದು ನನಗೆ ಹೇಳಿ.

ಹೋಗುವವರಾದರೂ ಹೇಗೆ ಹೋಗುತ್ತಾರೆ? 2003ರಿಂದ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸಿಕೊಂಡು ಬಂದಿದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಪ್ರವೇಶಕ್ಕೆ ಕಾಸಿಲ್ಲ. ಬರೆದವರೇ ಬಿಸಿಲಿನಲ್ಲಿ ತಮ್ಮ ಚಿತ್ರದ ಪಕ್ಕ ನಿಂತಿರುತ್ತಾರೆ. ಅಲ್ಲಿ ನಾನು ಕಿವಿಯಾರೆ ಕೇಳಿದ ಪ್ರಶ್ನೆ: "ಇದಕ್ಕೆ ಬಣ್ಣದ ಖರ್ಚು ಎಷ್ಟು ಬಿದ್ದಿರುತ್ತೆ?" ಕೇಳಿದವರು ಬೆಲೆಬಾಳುವ ಕನ್ನಡಕದ ಮಹನೀಯರು. ಆ ಕನ್ನಡಕದಲ್ಲಿ ಗಾಜಿನ ಖರ್ಚೆಷ್ಟೆಂದು ಅವರು ಅಂಗಡಿಯವನನ್ನು ಕೇಳಿರಲಾರರು. ಅರ್ಧ ಬೆಲೆಗೆ ಕೇಳಿ, ಕೊಡದಿದ್ದಾಗ ಚಿತ್ರದ ಮುಂದೆ ಸಂಸಾರ ಸಮೇತ ಫೋಟೋ ತೆಗೆಸಿಕೊಂಡು ಹೊರಟರು. ಆ ಹುಡುಗ ಒಂದು ಮಾತೂ ಆಡದೆ ಚೌಕಟ್ಟಿನ ಧೂಳು ಒರೆಸಿದ.

ಇನ್ನು ಊರಿನವರ ಹೆಮ್ಮೆ. ವೀರಗಾಸೆ ನಮ್ಮ ಸೀಮೆಯಲ್ಲಿ ಬೇರುಬಿಟ್ಟ ಕಲೆ. ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಹೇಳುತ್ತ, ಸಮಾಳ ಕರಡೆಗಳ ಬಡಿತಕ್ಕೆ ಕುಣಿಯುವ ಆ ಕಲಾವಿದರು ಮೈಸೂರು ದಸರೆಯ ಮೆರವಣಿಗೆಯಲ್ಲಿ ಸಾಗುವಾಗ "ನಮ್ಮ ಕಡೆಯವರು" ಎಂದು ಟೀವಿಯ ಮುಂದೆ ಎದೆಯುಬ್ಬಿಸುತ್ತೇವೆ. ಆದರೆ ಒಡಪನ್ನು ಕೊನೆಯವರೆಗೆ ನಿಂತು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ರಾಜಕಾರಣಿಯ ಮೆರವಣಿಗೆಗೆ ಅವರನ್ನು ಕರೆಸಿ, ಅವರು ಬಾಯಿ ತೆರೆಯುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕುವವರು ಸಂಸ್ಕೃತಿಯ ಕಾವಲುಗಾರರೇ?

ಪುರುಸೊತ್ತಿಲ್ಲ ಎನ್ನುವಿರಿ. 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರದಲ್ಲಿ ಬಹುತೇಕ ಪ್ರತಿದಿನ ನಾಟಕ. ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. (ಪ್ರಾರ್ಥನೆ ಮುಗಿದ ಮೇಲೆ ಗೇಟಿನ ಬಳಿ ನಿಲ್ಲುತ್ತಿದ್ದವರಿಗೆ ಈ ನಿಯಮ ಹೊಸದೆನಿಸಲಾರದು!) ಅದರ ಹತ್ತಿರದಲ್ಲೇ ವಾಸವಾಗಿದ್ದು ಒಂದು ನಾಟಕವನ್ನೂ ನೋಡದವರ ಬಾಯಲ್ಲಿ ನಗರದ ಮೇಲಿನ ದೂರು ಶೋಭಿಸುವುದಿಲ್ಲ.

2013ರಲ್ಲಿ ಕಡೂರು–ಚಿಕ್ಕಮಗಳೂರು ರೈಲು ಮಾರ್ಗ ತೆರೆದ ಮೇಲೆ ನಮ್ಮೂರಿಗೂ ನಿಲ್ದಾಣವಾಗಿದೆ. ಆದ್ದರಿಂದ ಊರಿನವರಿಗೆ ದೂರದ ನೆಪ ಸಲ್ಲದು. ಬೆಂಗಳೂರಿನಲ್ಲೇ ಇರುವವರು ಬರುವ ಕಾರ್ತಿಕದ ಕಡೆಯ ಸೋಮವಾರ ಮಕ್ಕಳ ಕೈ ಹಿಡಿದು ಬಸವನಗುಡಿಗೆ ಬನ್ನಿ. ಬಟ್ಟೆಯ ಚೀಲವಿರಲಿ, ಜೇಬಿನಲ್ಲಿ ಚಿಲ್ಲರೆಯಿರಲಿ. ಸೇರು ಅಳೆದಾದ ಮೇಲೆ ಕೊಸರು ಕೇಳಬೇಡಿ.